ಫ್ರೆಂಚ್ ಉಪಸರ್ಗದ ಕ್ರಿಯಾಪದಗಳು: ಉಚ್ಚಾರ ಎಲ್ಲಿ ಕೆಡುತ್ತದೆ, ಹೇಗೆ ಸರಿಮಾಡುವುದು

ಫ್ರೆಂಚ್ ಕಲಿಯಲು ಶುರುಮಾಡಿ ಒಂದೆರಡು ಹಂತ ದಾಟಿದವರಲ್ಲಿ ಒಂದು ವಿಚಿತ್ರ ತೊಂದರೆ ಕಾಣುತ್ತದೆ. ಸಣ್ಣ ಕ್ರಿಯಾಪದಗಳನ್ನು ಚೆನ್ನಾಗಿಯೇ ಹೇಳುತ್ತಾರೆ. ಸಾಂತಿರ್ (ಅನಿಸುವುದು), ಸೆರ್ವಿರ್ (ಬಡಿಸುವುದು), ಸೆರೇ (ಬಿಗಿಹಿಡಿಯುವುದು), ಎಲ್ಲ ಸರಿ. ಅದೇ ಪದದ ಮುಂದೆ ಒಂದು ಉಪಸರ್ಗ ಬಂದು ಕೂತಿತೋ, ಉಚ್ಚಾರ ಅಡ್ಡದಾರಿ ಹಿಡಿಯುತ್ತದೆ. ರ-ಸಾಂ-ತಿರ್ ಆಗಬೇಕಾದದ್ದು ರೆಸ್ಸಾಂತಿರ್ ಆಗುತ್ತದೆ. ದೇ-ಜ಼ಾ-ಬಿ-ಯೇ ಆಗಬೇಕಾದದ್ದು ದೆಸ್-ಹಾಬಿಲ್ಲೇ ಆಗುತ್ತದೆ.

ಇದಕ್ಕೆ ನಾಲಿಗೆಯನ್ನು ದೂರುವುದು ಸುಲಭ. ಆದರೆ ಬಹುತೇಕ ಸಲ ತಪ್ಪು ಆಗಿರುವುದು ಬಾಯಿ ತೆರೆಯುವ ಮೊದಲೇ, ಪದವನ್ನು ಎಲ್ಲಿ ಕತ್ತರಿಸಬೇಕು ಎಂದು ಕಣ್ಣು ತೀರ್ಮಾನ ಮಾಡಿದಾಗ. ಹಾಗಾಗಿ ಇಲ್ಲಿ ಒಂದೊಂದು ಲಕ್ಷಣ ತೆಗೆದುಕೊಂಡು, ಕತ್ತರಿ ಎಲ್ಲಿ ತಪ್ಪಿತು ಎಂದು ಹುಡುಕೋಣ.

ಮೊದಲು ಬರವಣಿಗೆಯ ಒಪ್ಪಂದ

ಫ್ರೆಂಚ್ ಸದ್ದುಗಳನ್ನು ಕನ್ನಡದಲ್ಲಿ ಬರೆಯುವಾಗ ಕೆಲವು ಗುರುತು ಬೇಕಾಗುತ್ತವೆ. ಬರೀ ‘ರ’ ಎಂದರೆ ಗುರುತಿಲ್ಲದ ಇ ಅಕ್ಷರದ (ರೋಮನ್ e) ಸಡಿಲ ಸದ್ದು. ನಮ್ಮ ‘ಅ’ ಹೇಳುತ್ತಾ ತುಟಿಯನ್ನು ಸ್ವಲ್ಪ ಮುಂದೆ ತಂದರೆ ಸಾಕು. ‘ರಾ’ ಎಂದರೆ ಪೂರ್ತಿ ಆ. ‘ರೇ’ ಎಂದರೆ ಮೇಲೆ ಗೀಟು ಇರುವ ಇ, ಆದರೆ ದೀರ್ಘ ಬರೆದಿದ್ದೇನೆ ಎಂದು ಎಳೆಯಬೇಡಿ. ‘ರೆ’ ಎಂದರೆ ಬಾಯಿ ಹೆಚ್ಚು ತೆರೆದ ಎ. ಜ಼ ಎಂದರೆ ಜೇನುನೊಣದ ಸದ್ದು. ಝ ಎಂದರೆ ನಮ್ಮ ಶ-ಗೆ ಗಂಟಲಿನ ಕಂಪನ ಸೇರಿಸಿದ್ದು. ಹ್ರಸ್ವ ಉ ಎಂದರೆ ನಾಲಿಗೆ ಕನ್ನಡದ ಇ-ಗೆ, ತುಟಿ ಉ-ಗೆ ಇಟ್ಟು ಹೇಳುವ ಸದ್ದು. ದೀರ್ಘ ಊ ನಮ್ಮದೇ ಊ.

ಸೊನ್ನೆ ಮಾತ್ರ ಮೋಸ ಮಾಡುತ್ತದೆ. ಕನ್ನಡದಲ್ಲಿ ‘ಶಾಂತಿ’ ಎಂದು ಬರೆದರೂ ಹೇಳುವುದು ಶಾನ್ತಿ. ಇಲ್ಲಿ ಸೊನ್ನೆ ಎಂದರೆ ಸ್ವರ ಮೂಗಿನಿಂದ ಬರುತ್ತದೆ ಅಷ್ಟೇ. ನಾಲಿಗೆ ಹಲ್ಲಿಗೆ ತಾಗಬಾರದು, ತುಟಿ ಮುಚ್ಚಬಾರದು.

ಇನ್ನೊಂದು ಸಣ್ಣ ಮಾತು. ಫ್ರೆಂಚಿನ ಟಿ ಮತ್ತು ಡಿ ನಮ್ಮ ತ ಮತ್ತು ದ. ಇಂಗ್ಲಿಷ್ ಅಭ್ಯಾಸದಿಂದ ಸುಮ್ನೆ ಟ, ಡ ಹಾಕುವವರು ಜಾಸ್ತಿ. ಈ ವಿಷಯದಲ್ಲಿ ಕನ್ನಡದ ಬಾಯಿಗೆ ಇಂಗ್ಲಿಷ್ ಬಾಯಿಗಿಂತ ಅನುಕೂಲ ಇದೆ, ಬಳಸಿಕೊಳ್ಳಿ.

ಕತ್ತರಿಸುವ ಮೂಲ ಲೆಕ್ಕ

ಎರಡು ಸ್ವರಗಳ ನಡುವೆ ಒಂದೇ ವ್ಯಂಜನ ಇದ್ದರೆ ಅದು ಮುಂದಿನ ಸ್ವರದ ಪಾಲು. ಎರಡು ಇದ್ದರೆ ನಡುವೆ ಕತ್ತರಿ. ಆದರೆ ಎರಡನೆಯದು ಎಲ್ ಅಥವಾ ಆರ್ ಆಗಿದ್ದರೆ ಸಾಮಾನ್ಯವಾಗಿ ಎರಡೂ ಒಟ್ಟಿಗೇ ಮುಂದೆ ಹೋಗುತ್ತವೆ. ಒಂದೇ ಅಕ್ಷರವನ್ನು ಎರಡು ಸಲ ಬರೆದಿದ್ದರೆ ಕಿವಿಗೆ ಅದು ಒಂದೇ.

ಇದರ ಮೇಲೆ ಇ ಅಕ್ಷರದ ಸ್ವಭಾವ ನಿಂತಿದೆ. ಗುರುತಿಲ್ಲದ ಇ ತುಂಡಿನ ಕೊನೆಯಲ್ಲಿ ಬಂದರೆ ಸಡಿಲ ‘ಅ’. ಅದರ ಬೆನ್ನಿಗೆ ಅದೇ ತುಂಡಿನಲ್ಲಿ ವ್ಯಂಜನ ಇದ್ದರೆ ‘ಎ’. ಅಂದರೆ ಕತ್ತರಿ ಒಂದು ಅಕ್ಷರದಷ್ಟು ಆಚೀಚೆ ಆದರೂ ಸ್ವರವೇ ಬದಲಾಗುತ್ತದೆ.

ಲಕ್ಷಣ: ರೆಸ್ಸಾಂತಿರ್, ರೆಸ್ಸಾಂಬ್ಲೇ

ಅತಿ ಹೆಚ್ಚು ಕೇಳಿಬರುವ ತಪ್ಪು ಇದೇ. ಆರ್-ಇ ಆದಮೇಲೆ ಎರಡು ಎಸ್ ಇರುವ ಪದಗಳು: ಅನುಭವಕ್ಕೆ ಬರುವುದು, ಹೋಲುವುದು, ಮತ್ತೆ ಹೊರಗೆ ಹೋಗುವುದು, ಬಿಗಿ ಮಾಡುವುದು. ಸರಿಯಾದ ಉಚ್ಚಾರ ಕ್ರಮವಾಗಿ ರ-ಸಾಂ-ತಿರ್, ರ-ಸಾಂ-ಬ್ಲೇ, ರ-ಸೊರ್-ತಿರ್, ರ-ಸೆ-ರೇ.

ತಪ್ಪು ಹುಟ್ಟುವುದು ಮೂರು ಕಡೆಯಿಂದ. ಒಂದು, ಪಾಠದಲ್ಲಿ ಕಲಿತ ನಿಯಮ: ಇ ಆದಮೇಲೆ ಜೋಡಿ ವ್ಯಂಜನ ಬಂದರೆ ಎ ಎಂದು ಓದಿ. ಗಾಯ ಮಾಡುವುದು ಎಂಬ ಅರ್ಥದ ಬ್ಲೆ-ಸೇ ಪದಕ್ಕೆ ಈ ನಿಯಮ ಸರಿ. ಎರಡು, ಅಚ್ಚಿನ ಪುಸ್ತಕ. ಸಾಲಿನ ಕೊನೆಯಲ್ಲಿ ಪದ ಮುರಿಯಬೇಕಾದರೆ ಫ್ರೆಂಚ್ ಮುದ್ರಣದಲ್ಲಿ ಜೋಡಿ ಅಕ್ಷರದ ನಡುವೆಯೇ ಅಡ್ಡಗೆರೆ ಹಾಕುತ್ತಾರೆ. ಆಗ ಆರ್-ಇ-ಎಸ್ ಒಂದು ಸಾಲಿನಲ್ಲಿ, ಉಳಿದದ್ದು ಇನ್ನೊಂದು ಸಾಲಿನಲ್ಲಿ. ನೋಡಿದ ಕಣ್ಣು ‘ರೆಸ್’ ಎಂದು ಓದದೆ ಇನ್ನೇನು ಮಾಡುತ್ತದೆ? ಅಚ್ಚಿನ ಆ ಅಡ್ಡಗೆರೆ ಕಾಗದದ ಅನುಕೂಲಕ್ಕೆ, ಉಚ್ಚಾರದ ಸಲಹೆ ಅಲ್ಲ.

ಮೂರನೆಯದು ನಮ್ಮದೇ ಕೊಡುಗೆ. ಕನ್ನಡದಲ್ಲಿ ಒತ್ತಕ್ಷರ ಇದ್ದರೆ ಒತ್ತಿಯೇ ಹೇಳಬೇಕು. ಹಳಿ ಬೇರೆ, ಹಳ್ಳಿ ಬೇರೆ. ಎರಡು ಎಸ್ ಕಂಡ ಕೂಡಲೇ ‘ಸ್ಸ’ ಬರುವುದು ಕನ್ನಡದ ಒಳ್ಳೆಯ ಅಭ್ಯಾಸ, ಫ್ರೆಂಚಿಗೆ ಒಗ್ಗುವುದಿಲ್ಲ ಅಷ್ಟೇ. ಫ್ರೆಂಚಿನಲ್ಲೂ ನಿಜವಾದ ಒತ್ತು ಅಪರೂಪಕ್ಕೆ ಇದೆ. ‘ಓಡುತ್ತಿದ್ದ’ ಎಂದರೆ ಕೂ-ರೆ, ‘ಓಡುತ್ತಿದ್ದನೇನೋ’ ಎಂಬ ಷರತ್ತಿನ ರೂಪ ಕೂರ್-ರೆ. ಬೇಡದ ಕಡೆ ಒತ್ತು ಹಾಕುವ ಚಾಳಿ ಬೆಳೆದರೆ ಇಂಥ ಕಡೆ ವ್ಯತ್ಯಾಸ ಉಳಿಯುವುದಿಲ್ಲ.

ಹಾಗಾದರೆ ಆ ಎರಡನೇ ಎಸ್ ಯಾಕೆ ಅಲ್ಲಿದೆ? ಕಾವಲಿಗೆ. ಫ್ರೆಂಚಿನಲ್ಲಿ ಎರಡು ಸ್ವರಗಳ ನಡುವೆ ಒಂಟಿ ಎಸ್ ಸಿಕ್ಕರೆ ಅದು ಜ಼ ಆಗುತ್ತದೆ. ಸಾಂತಿರ್ ಮುಂದೆ ರ ಸೇರಿಸಿದಾಗ ಸ ಕೆಡಬಾರದು ಎಂದು ಬರವಣಿಗೆಯಲ್ಲಿ ಇನ್ನೊಂದು ಎಸ್ ನಿಲ್ಲಿಸಿದ್ದಾರೆ. ಅದು ಸ-ವನ್ನು ಕಾಯುತ್ತದೆ, ಪಕ್ಕದ ಇ-ಯನ್ನು ಮುಟ್ಟುವುದಿಲ್ಲ.

ಪರಿಹಾರಕ್ಕೆ ಒಂದು ಪರೀಕ್ಷೆ ಇದೆ, ಸುಲಿದು ನೋಡುವುದು. ಬಾಳೆಹಣ್ಣಿನ ಸಿಪ್ಪೆಯ ಹಾಗೆ ಉಪಸರ್ಗ ಕಳಚಿಕೊಂಡು ಬಂದರೆ, ಒಳಗೆ ಇಡೀ ಕ್ರಿಯಾಪದ ಸಿಕ್ಕರೆ, ಅದನ್ನು ಸುಮ್ನೆ ‘ರ’ ಎಂದು ಹೇಳಿ ಒಳಗಿನ ಪದವನ್ನು ಹಾಗೇ ಮುಂದುವರಿಸಿ. ಒಳಗೆ ಸೆರೇ ಇದೆ, ಮುಂದೆ ರ ಇಡಿ: ರ-ಸೆರೇ. ಒಳಗೆ ಸೆರ್ವಿರ್ ಇದೆ: ರ-ಸೆರ್ವಿರ್, ಮತ್ತೊಮ್ಮೆ ಬಡಿಸುವುದು.

ಇಲ್ಲಿ ಜಾಣ ವಿದ್ಯಾರ್ಥಿಗಳು ಒಂದು ಪ್ರಶ್ನೆ ಎತ್ತುತ್ತಾರೆ. ‘ಸರ್, ಹಾಗಾದರೆ ಡಿ-ಇ ಆದಮೇಲೆ ಎರಡು ಎಸ್ ಬಂದರೂ ದ ಅನ್ನಬೇಕಲ್ವಾ?’ ಇಲ್ಲ. ಇಲ್ಲಿ ಎರಡು ಉಪಸರ್ಗಗಳ ದಾರಿ ಬೇರೆಯಾಗುತ್ತದೆ. ಸ್ಕ್ರೂ ಬಿಗಿ ಮಾಡಿದರೆ ರ-ಸೆ-ರೇ, ಸಡಿಲ ಮಾಡಿದರೆ ದೇ-ಸೆ-ರೇ. ಬರವಣಿಗೆಯಲ್ಲಿ ಎರಡಕ್ಕೂ ಇ ಮೇಲೆ ಗುರುತಿಲ್ಲ, ಎರಡಕ್ಕೂ ಜೋಡಿ ಎಸ್. ಬಾಯಲ್ಲಿ ಮಾತ್ರ ಒಂದು ರ, ಇನ್ನೊಂದು ದೇ. ಒಣಗಿಸುವುದು ದೇ-ಸೇ-ಶೇ. ಊಟದ ನಂತರ ಮೇಜು ತೆರವು ಮಾಡುವುದು ದೇ-ಸೆರ್-ವಿರ್. ಇದೇ ಪದವನ್ನು ಬಸ್ಸೋ ರೈಲೋ ಒಂದು ಊರಿಗೆ ಹೋಗುತ್ತದೆ ಎನ್ನಲೂ ಬಳಸುತ್ತಾರೆ. ಪ್ರೇ ಕೂಡ ದೇ-ಯ ಪಕ್ಷ: ಮುನ್ಸೂಚನೆ ಸಿಗುವುದು ಎಂಬ ಅರ್ಥದ ಪ್ರೇ-ಸಾಂ-ತಿರ್ ನೋಡಿ. ಅಂದರೆ ಜೋಡಿ ಎಸ್ ಎದುರು ‘ರ’ ಆಗುವುದು ಆರ್-ಇ ಒಂದೇ ಎಂದು ನೆನಪಿಟ್ಟುಕೊಂಡರೆ ಕ್ರಿಯಾಪದಗಳ ಮಟ್ಟಿಗೆ ಕೆಲಸ ನಡೆಯುತ್ತದೆ. ಕ್ರಿಯಾಪದ ಅಲ್ಲದ ಎರಡು ಪದಗಳು, ‘ಮೇಲೆ’ ಎಂಬ ದ-ಸು, ‘ಕೆಳಗೆ’ ಎಂಬ ದ-ಸೂ, ಇದನ್ನು ಮುರಿಯುತ್ತವೆ. ಆರ್ ಕಡೆಯೂ ಒಂದು ಮೊಂಡ ಪದ ಇದೆ: ಸತ್ತವರು ಮತ್ತೆ ಬದುಕಿ ಬರುವುದು ರೇ-ಸು-ಸಿ-ತೇ. ಸುಲಿದರೆ ಒಳಗೆ ಫ್ರೆಂಚಿನಲ್ಲಿ ಸುಸಿತೇ ಸಿಗುತ್ತದೆ, ಎಬ್ಬಿಸುವುದು, ಕೆರಳಿಸುವುದು ಎಂಬ ಅರ್ಥದಲ್ಲಿ. ಆದರೂ ಉಪಸರ್ಗ ರೇ ಎಂದೇ ಉಳಿದಿದೆ. ಇದನ್ನು ಬಾಯಿಪಾಠ ಮಾಡುವುದೊಂದೇ ದಾರಿ.

ಲಕ್ಷಣ: ಕೂಡು ವ್ಯಂಜನ ಬಂದಾಗ ರ ಹೋಗಿ ರೆ ಬರುವುದು

ತಣ್ಣಗಾಗುವುದು ರ-ಫ಼್ರ್ವಾ-ದಿರ್. ವಿಷಾದಪಡುವುದು ರ-ಗ್ರೆ-ತೇ. ಪ್ರತಿಫಲಿಸುವುದು ರ-ಫ಼್ಲೇ-ತೇ. ಇವನ್ನು ರೆಫ಼್-ರ್ವಾದಿರ್, ರೆಗ್-ರೆತ್ತೇ ಎಂದು ಓದಿದರೆ ಕತ್ತರಿ ಒಂದು ಹೆಜ್ಜೆ ಮುಂದೆ ಬಿದ್ದಿದೆ ಎಂದರ್ಥ.

ಕನ್ನಡ ಛಂದಸ್ಸು ಓದಿದವರಿಗೆ ಇದರ ಮೂಲ ಗೊತ್ತಾಗುತ್ತದೆ. ಪ್ರಸ್ತಾರ ಹಾಕುವಾಗ ಒತ್ತಕ್ಷರದ ಹಿಂದಿನ ಅಕ್ಷರ ಗುರು. ‘ಪುತ್ರ’ದಲ್ಲಿ ಪು ಗುರು ಆಗುವುದು ತ ಹಿಂದಕ್ಕೆ ವಾಲುವುದರಿಂದ, ಅಂದರೆ ಪುತ್-ರ. ನಮ್ಮ ಕಿವಿ ಹೀಗೆ ಕತ್ತರಿಸುತ್ತದೆ. ನಮ್ಮ ಲಿಪಿ ಮಾತ್ರ ಪು-ತ್ರ ಎಂದು ಬರೆಯುತ್ತದೆ. ಫ್ರೆಂಚಿನಲ್ಲಿ ಆರ್ ಅಥವಾ ಎಲ್ ಒತ್ತಾಗಿ ಬಂದಾಗ ಕನ್ನಡ ಲಿಪಿ ಬರೆಯುವ ಹಾಗೆ ಕತ್ತರಿಸಿ, ಪ್ರಸ್ತಾರ ಮರೆತುಬಿಡಿ. ನಾಶ ಮಾಡುವುದು ದೇ-ತ್ರುಇರ್, ದೇತ್-ರುಇರ್ ಅಲ್ಲ.

ಎಸ್ ಆದಮೇಲೆ ಬೇರೆ ವ್ಯಂಜನ ಬಂದರೆ ಉಲ್ಟಾ. ಅಲ್ಲಿ ಪ್ರಸ್ತಾರವೇ ಸರಿ, ಲಿಪಿ ದಾರಿ ತಪ್ಪಿಸುತ್ತದೆ. ಉಳಿಯುವುದು ರೆಸ್-ತೇ. ಉಸಿರಾಡುವುದು ರೆಸ್-ಪಿ-ರೇ. ಗೌರವಿಸುವುದು ರೆಸ್-ಪೆಕ್-ತೇ. ಎಲ್ಲದರಲ್ಲೂ ಎಸ್ ಹಿಂದಿನ ತುಂಡಿಗೆ ಅಂಟಿಕೊಂಡು ರೆ ಮಾಡಿದೆ. ಈಗ ಸುಲಿಯುವ ಪರೀಕ್ಷೆ ಹಚ್ಚಿ. ಈ ಮೂರರಲ್ಲೂ ‘ಮತ್ತೆ’ ಎಂಬ ಅರ್ಥ ಇವತ್ತಿನ ಫ್ರೆಂಚಿನಲ್ಲಿ ಜೀವಂತವಾಗಿಲ್ಲ, ಸಿಪ್ಪೆ ಕಳಚುವುದಿಲ್ಲ. ಹಾಗಾಗಿ ಇಡೀ ಪದಕ್ಕೆ ಮಾಮೂಲಿ ಕತ್ತರಿ. ಆದರೆ ಒಂದು ಕಂಪನಿಯ ರಚನೆಯನ್ನು ಮತ್ತೆ ಕಟ್ಟುವುದು ಎಂಬ ಪದ ತೆಗೆದುಕೊಳ್ಳಿ: ರ-ಸ್ತ್ರುಕ್-ತು-ರೇ. ಬರವಣಿಗೆಯಲ್ಲಿ ಇದೂ ಆರ್-ಇ-ಎಸ್-ಟಿ ಎಂದೇ ಶುರುವಾಗುತ್ತದೆ, ರೆಸ್ತೇ ಪದದ ಹಾಗೇ. ಒಳಗೆ ಸ್ತ್ರುಕ್-ತು-ರೇ ಎಂಬ ಇಡೀ ಕ್ರಿಯಾಪದ ಇರುವುದರಿಂದ ಎಸ್ ಹಿಂದೆ ಹೋಗದೆ ತನ್ನ ಮನೆಯವರ ಜೊತೆಗೇ ಉಳಿಯುತ್ತದೆ. ನಾಲ್ಕು ಅಕ್ಷರ ಒಂದೇ ಆದರೂ ಒಂದು ರೆಸ್, ಇನ್ನೊಂದು ರ-ಸ್ತ್ರು.

ಲಕ್ಷಣ: ಸ ಎಲ್ಲಿ, ಜ಼ ಎಲ್ಲಿ ಗೊತ್ತಾಗದಿರುವುದು

ಕನ್ನಡದಲ್ಲಿ ಜ಼ ಮೂಲದ ಸದ್ದಲ್ಲ. ಹಾಗಾಗಿ ಇಲ್ಲಿ ಎರಡು ಬೇರೆ ದೋಷ ಒಂದೇ ಥರ ಕೇಳಿಸುತ್ತವೆ. ಒಬ್ಬರಿಗೆ ಜ಼ ಹೊರಡುವುದೇ ಇಲ್ಲ, ಜ ಆಗುತ್ತದೆ. ಇನ್ನೊಬ್ಬರಿಗೆ ಹೊರಡುತ್ತದೆ, ಆದರೆ ಯಾವಾಗ ಎಂದು ತಿಳಿಯದು. ಮೊದಲನೆಯವರು ಸ ಎಳೆದು ಹಿಡಿದು, ಗಂಟಲ ಮೇಲೆ ಬೆರಳಿಟ್ಟು, ಕಂಪನ ಶುರುಮಾಡಲಿ. ನಾಲಿಗೆ ಅಲುಗಾಡದೆ ಜ಼ ಬರುತ್ತದೆ. ಅವರ ಸಮಸ್ಯೆ ಅಲ್ಲಿಗೆ ಮುಗಿಯಿತು. ಎರಡನೆಯವರಿಗೆ ಸ್ವಲ್ಪ ಜಾಸ್ತಿ ಕೆಲಸ ಇದೆ.

ಸ್ವರಗಳ ನಡುವಿನ ಒಂಟಿ ಎಸ್ ಜ಼ ಎಂದೆನಲ್ಲ. ಕಾಯ್ದಿರಿಸುವುದು ರೇ-ಜ಼ೆರ್-ವೇ. ಪರಿಚಯಿಸುವುದು ಪ್ರೇ-ಜ಼ಾಂ-ತೇ. ಸಾರಾಂಶ ಹೇಳುವುದು ರೇ-ಜ಼ು-ಮೇ. ಎಸ್ ಉಪಸರ್ಗದ್ದೇ ಆಗಿದ್ದು ಮುಂದೆ ಸ್ವರ ಅಥವಾ ಮೂಕ ಎಚ್ ಬಂದಾಗಲೂ ಇದೇ ಕತೆ. ಆಬಿಯೇ (ಬಟ್ಟೆ ತೊಡಿಸುವುದು) ಮುಂದೆ ಡಿ-ಇ-ಎಸ್ ಬಂದರೆ ದೇ-ಜ಼ಾ-ಬಿ-ಯೇ, ಬಟ್ಟೆ ಬಿಚ್ಚುವುದು. ಅರ್ಥದಲ್ಲಿ ಎಸ್ ಉಪಸರ್ಗದ ಆಸ್ತಿ, ಸದ್ದಿನಲ್ಲಿ ಮುಂದಿನ ಸ್ವರದ ಆಸ್ತಿ. ಈ ಪದವನ್ನು ‘ದೆಸ್’ ಎಂದು ನಿಲ್ಲಿಸಿ ಆಮೇಲೆ ‘ಹಾ’ ಎನ್ನುವವರು ಅರ್ಥದ ಗಡಿಯನ್ನು ಸದ್ದಿನ ಗಡಿ ಎಂದುಕೊಂಡಿದ್ದಾರೆ. ಎಚ್ ಅಂತೂ ಸದ್ದೇ ಮಾಡುವುದಿಲ್ಲ. ಬಿಚ್ಚಿದ್ದನ್ನು ಮತ್ತೆ ತೊಡಿಸುವುದು ರಾ-ಬಿ-ಯೇ. ಅಲ್ಲಿ ಉಪಸರ್ಗ ಬರೀ ಆರ್ ಆಗಿ ಕರಗಿದೆ.

ಸಿಕ್ಕು ಇರುವುದು ಎಸ್ ಒಳಗಿನ ಕ್ರಿಯಾಪದಕ್ಕೆ ಸೇರಿದಾಗ. ನನ್ನ ಮೆಚ್ಚಿನ ಜೋಡಿ ಇದು. ಎರಡು ಪದ, ಎರಡೂ ಡಿ-ಇ-ಎಸ್-ಇ-ಎನ್ ಎಂದೇ ಶುರು, ಎರಡರಲ್ಲೂ ಮೊದಲ ಇ ಮೇಲೆ ಗೀಟು. ಒಂದು, ಸಂವೇದನೆ ಕಡಿಮೆ ಮಾಡುವುದು: ದೇ-ಸಾಂ-ಸಿ-ಬಿ-ಲಿ-ಜ಼ೇ. ಇನ್ನೊಂದು, ತುಂಬಿ ತುಳುಕುವ ಸಾಮಾನು ತೆಗೆದು ಜಾಗ ಮಾಡುವುದು: ದೇ-ಜ಼ಾಂ-ಕೋಂ-ಬ್ರೇ. ಮೊದಲನೆಯದನ್ನು ಸುಲಿದರೆ ಸಾಂಸಿಬಿಲಿಜ಼ೇ ಸಿಗುತ್ತದೆ, ಎಸ್ ಅದರದ್ದೇ, ಸ ಎಂದೇ ಉಳಿಯುತ್ತದೆ. ಎರಡನೆಯದರಲ್ಲಿ ಆಂಕೋಂಬ್ರೇ ಸಿಗುತ್ತದೆ, ಎಸ್ ಉಪಸರ್ಗದ್ದು, ಹಾಗಾಗಿ ಜ಼. ಕಾಗುಣಿತ ಒಂದಿಷ್ಟೂ ಸುಳಿವು ಕೊಡುವುದಿಲ್ಲ, ಸುಲಿದೇ ನೋಡಬೇಕು. ಇದೇ ತರ್ಕಕ್ಕೆ ಪ್ರೇ-ಸು-ಪೋ-ಜ಼ೇ (ಮೊದಲೇ ಭಾವಿಸಿಕೊಳ್ಳುವುದು) ಸ ಉಳಿಸಿಕೊಂಡಿದೆ, ಪ್ರೇ-ಜ಼ು-ಮೇ (ಊಹಿಸುವುದು) ಉಳಿಸಿಕೊಂಡಿಲ್ಲ. ಸಾರಿಗೆ ಮತ್ತೆ ಉಪ್ಪು ಹಾಕುವುದು ರ-ಸಾ-ಲೇ, ಒಂದೇ ಎಸ್ ಇದ್ದರೂ.

ಸುಲಿಯುವ ಪರೀಕ್ಷೆ ಇಲ್ಲಿ ಒಮ್ಮೊಮ್ಮೆ ಕೈ ಕೊಡುತ್ತದೆ. ಸಹಿ ಹಾಕುವುದು ಸಿ-ಞೇ. ಮತ್ತೆ ಸಹಿ ಹಾಕುವುದು ರ-ಸಿ-ಞೇ. ಆದರೆ ಕೈಚೆಲ್ಲಿ ಒಪ್ಪಿಕೊಳ್ಳುವುದು ರೇ-ಜ಼ಿ-ಞೇ, ಬೊಟ್ಟು ಮಾಡಿ ತೋರಿಸುವುದು ದೇ-ಜ಼ಿ-ಞೇ. ಒಳಗೆ ಸಿಞೇ ಕಾಣುತ್ತದೆ ನಿಜ, ಆದರೆ ಸಹಿಗೂ ಈ ಅರ್ಥಗಳಿಗೂ ಇವತ್ತು ನಂಟಿಲ್ಲ. ಹಾಗಾಗಿ ಒಳಗೆ ಪದ ಇದೆಯೇ ಎಂದಷ್ಟೇ ಕೇಳಬೇಡಿ, ಅರ್ಥವೂ ಕೂಡುತ್ತದೆಯೇ ಎಂದು ಕೇಳಿ.

ಅಭ್ಯಾಸಕ್ಕೆ ಒಂದು ಕುಟುಂಬ ಕೊಡುತ್ತೇನೆ. ಲ್ಯಾಟಿನ್ನಿನ ಒಂದೇ ಬೇರಿನ ಮುಂದೆ ಬೇರೆ ಬೇರೆ ಉಪಸರ್ಗ ಬಂದು ಹುಟ್ಟಿದ ಪದಗಳಿವು. ಎದುರು ನಿಲ್ಲುವುದು ರೇ-ಜ಼ಿಸ್-ತೇ. ಸ್ಪರ್ಧೆಯಿಂದ ಹಿಂದೆ ಸರಿಯುವುದು ದೇ-ಜ಼ಿಸ್-ತೇ. ಪಟ್ಟು ಹಿಡಿಯುವುದು ಎಂ-ಸಿಸ್-ತೇ. ಮುಂದುವರಿಯುತ್ತಲೇ ಇರುವುದು ಪೆರ್-ಸಿಸ್-ತೇ. ಇಂಥದ್ದರಲ್ಲಿ ಅಡಗಿರುವುದು ಕೋಂ-ಸಿಸ್-ತೇ. ಹಾಜರಿರುವುದು ಆ-ಸಿಸ್-ತೇ. ಹಿಂದೆ ಸ್ವರ ಇದ್ದರೆ ಜ಼, ವ್ಯಂಜನಾಕ್ಷರ ಇದ್ದರೆ ಸ, ಜೋಡಿ ಎಸ್ ಇದ್ದರೆ ಸ. ಎಲ್ಲ ಲೆಕ್ಕಕ್ಕೆ ಸಿಕ್ಕಿತು ಎನ್ನುವಷ್ಟರಲ್ಲಿ ಸುಬ್-ಜ಼ಿಸ್-ತೇ (ಹೇಗೋ ಉಳಿದುಕೊಳ್ಳುವುದು) ಬಂದು ಬ ಆದಮೇಲೂ ಜ಼ ಎನ್ನುತ್ತದೆ. ದಾಟಿಹೋಗುವುದು ತ್ರಾಂ-ಜ಼ಿ-ತೇ ಕೂಡ ಹಾಗೇ: ಆ ಉಪಸರ್ಗದ ಕೊನೆಯ ಎಸ್ ಸ್ವರದ ಮುಂದೆ ಜ಼, ವ್ಯಂಜನದ ಮುಂದೆ ಸ. ಗಿಡ ಕಿತ್ತು ಬೇರೆ ಕಡೆ ನೆಡುವುದು ತ್ರಾಂಸ್-ಪ್ಲಾಂ-ತೇ.

ಒಂದೇ ಪದದಲ್ಲಿ ಎರಡೂ ಬೇಕೆಂದರೆ ಮಾಂಸದಿಂದ ಮೂಳೆ ತೆಗೆಯುವುದು ನೋಡಿ: ದೇ-ಜ಼ೊ-ಸೇ. ಮೊದಲ ಎಸ್ ಒಂಟಿ, ಆಮೇಲಿನದು ಜೋಡಿ. ಇದನ್ನು ತಡವರಿಸದೆ ಹೇಳಿದರೆ ಈ ಭಾಗದಲ್ಲಿ ಪಾಸ್.

ಲಕ್ಷಣ: ಹೊರಟೆ ಎಂದರೆ ಹಂಚಿದೆ ಎಂದು ಕೇಳಿಸುವುದು

ಇಲ್ಲಿ ಕತ್ತರಿ ಸರಿಯಿದ್ದೂ ಸ್ವರ ತಪ್ಪಿದೆ. ರ-ಪಾರ್-ತಿರ್ ಮತ್ತೆ ಹೊರಡುವುದು, ರೇ-ಪಾರ್-ತಿರ್ ಹಂಚುವುದು. ರ-ಫ಼ೊರ್-ಮೇ ಮತ್ತೆ ಕಟ್ಟುವುದು, ರೇ-ಫ಼ೊರ್-ಮೇ ಸುಧಾರಿಸುವುದು. ರ-ಕ್ರೇ-ಏ ಮತ್ತೆ ಸೃಷ್ಟಿಸುವುದು, ರೇ-ಕ್ರೇ-ಏ ಮನರಂಜಿಸುವುದು. ಹೆಚ್ಚಿನವರು ಎರಡನ್ನೂ ಬಿಟ್ಟು ಮಧ್ಯದ ‘ರಿ’ ಎನ್ನುತ್ತಾರೆ. ರಿಪೀಟ್, ರಿಪೇರಿ, ರಿಸರ್ವ್ ಎಂದು ಹೇಳಿ ಹೇಳಿ ಇಂಗ್ಲಿಷಿನಿಂದ ಬಂದ ರೂಢಿ ಅದು. ಫ್ರೆಂಚಿನಲ್ಲಿ ಈ ಉಪಸರ್ಗ ‘ರಿ’ ಆಗುವುದೇ ಇಲ್ಲ. ಹಾಗಾಗಿ ನಿಮ್ಮ ಬಾಯಲ್ಲಿ ರಿ ಬಂದರೆ ಅದು ಖಚಿತವಾಗಿ ತಪ್ಪು ಎಂದುಕೊಂಡು ಅಲ್ಲೇ ನಿಲ್ಲಿಸಿ.

ಫ್ರೆಂಚರಿಗೂ ಕೆಲವು ಕಡೆ ಇದು ಗೊಂದಲವೇ. ತಡೆದು ಹಿಡಿಯುವುದು ಎಂಬ ಪದ ಹಿಂದೆ ಗುರುತಿಲ್ಲದೆ ರ-ಫ಼್ರೇ-ನೇ ಆಗಿತ್ತು, ಜನ ರೇ ಎನ್ನತೊಡಗಿದ್ದರು. 1990ರ ಕಾಗುಣಿತ ಸುಧಾರಣೆ ಗೀಟು ಹಾಕಿ ರೇ-ಫ಼್ರೇ-ನೇ ರೂಪವನ್ನು ಶಿಫಾರಸು ಮಾಡಿತು. ಎರಡೂ ಕಿವಿಗೆ ಬೀಳುತ್ತವೆ, ಅಂಥಲ್ಲಿ ತಲೆ ಕೆಡಿಸಿಕೊಳ್ಳಬೇಡಿ.

ಲಕ್ಷಣ: ಮೂಗಿನ ಸ್ವರ ಬೇಕಾದಲ್ಲಿ ಇಲ್ಲ, ಬೇಡದಲ್ಲಿ ಇದೆ

ನಾಲ್ಕು ಕ್ರಿಯಾಪದ ಸಾಲಾಗಿ ಹೇಳಿ ನೋಡಿ. ಯಾರನ್ನಾದರೂ ಒಂದು ಕಡೆಗೆ ಕರೆತರುವುದು ಆಮ್-ನೇ. ಜೊತೆಗೆ ಕರೆದುಕೊಂಡು ಹೋಗಿಬಿಡುವುದು ಆಂಮ್-ನೇ. ವಾಪಸ್ ಕರೆತರುವುದು ರಾಮ್-ನೇ. ವಾಪಸ್ ಕರೆದುಕೊಂಡು ಹೋಗುವುದು ರಾಂಮ್-ನೇ. ಮಗುವನ್ನು ಸ್ಕೂಲಿಗೆ ಬಿಟ್ಟು ಕರೆತರುವ ಮಾತಿನಲ್ಲಿ ಇವು ದಿನಾ ಬರುತ್ತವೆ. ಮೊದಲೆರಡರ ನಡುವೆ, ಹಾಗೇ ಕೊನೆಯೆರಡರ ನಡುವೆ, ಇರುವ ವ್ಯತ್ಯಾಸ ಮೊದಲ ಸ್ವರ ಮೂಗಿನಿಂದ ಬಂತೇ, ಬಾಯಿಂದ ಬಂತೇ ಎಂಬುದಷ್ಟೇ.

ಸಾಮಾನ್ಯ ನಿಯಮದ ಪ್ರಕಾರ ಎನ್ ಅಥವಾ ಎಂ ಜೋಡಿಯಾಗಿ ಬಂದರೆ, ಇಲ್ಲವೇ ಮುಂದೆ ಸ್ವರ ಬಂದರೆ, ಮೂಗಿನ ಸ್ವರ ಇರುವುದಿಲ್ಲ. ಹೊಸತು ತರುವುದು ಇ-ನೊ-ವೇ. ವಲಸೆ ಬರುವುದು ಇ-ಮಿ-ಗ್ರೇ. ನೆರೆ ನುಗ್ಗುವುದು ಇ-ನೋಂ-ದೇ. ಐ-ಎನ್ ಉಪಸರ್ಗ ಈ ನಿಯಮಕ್ಕೆ ಬಹುಮಟ್ಟಿಗೆ ವಿಧೇಯ. ಇ-ಎನ್ ಮತ್ತು ಇ-ಎಂ ಮಾತ್ರ ಕೇಳುವುದಿಲ್ಲ. ಅವು ಮೂಗಿನ ಸ್ವರವನ್ನೂ ಬಿಡುವುದಿಲ್ಲ, ವ್ಯಂಜನವನ್ನೂ ಮುಂದಕ್ಕೆ ತಳ್ಳುತ್ತವೆ. ಅಮಲೇರಿಸುವುದು ಆಂ-ನಿ-ವ್ರೇ, ಇನ್ನೇನು ಎ-ನಿ-ವ್ರೇ ಎನ್ನುವ ಹಾಗೆ ಬರೆದಿದ್ದರೂ. ಬೇಸರ ತರಿಸುವುದು ಆಂ-ನುಇ-ಯೇ. ಹೊಸ ಮನೆಗೆ ಸಾಮಾನು ಸಾಗಿಸಿ ಹೋಗುವುದು ಆಂ-ಮೇ-ನಾ-ಝೇ.

ಎಚ್ ಬಂದರೆ ಇನ್ನೊಂದು ತಿರುವು. ಫ್ರೆಂಚಿನ ಎಚ್ ಎಂದೂ ಸದ್ದು ಮಾಡುವುದಿಲ್ಲ, ಆದರೆ ಕೆಲವು ಎಚ್ ಗೋಡೆಯ ಹಾಗೆ ನಿಂತು ಹಿಂದಿನ ವ್ಯಂಜನವನ್ನು ಒಳಗೆ ಬಿಡುವುದಿಲ್ಲ. ಧೈರ್ಯ ತುಂಬುವುದು ಆಂ-ಆರ್-ದಿರ್. ನಡುವೆ ನ ಇಲ್ಲ. ಉಸಿರಿನೊಳಗೆ ಎಳೆದುಕೊಳ್ಳುವುದು ಇ-ನಾ-ಲೇ. ಇಲ್ಲಿ ನ ಇದೆ. ಯಾವ ಎಚ್ ಯಾವ ಥರ ಎಂಬುದನ್ನು ನಿಘಂಟು ನೋಡಿಯೇ ತಿಳಿಯಬೇಕು.

ಲಕ್ಷಣ: ನಡುವೆ ಯ ಅಥವಾ ವ ನುಸುಳುವುದು

ಪ್ರತಿಕ್ರಿಯಿಸುವುದು ರೇ-ಆ-ಝಿರ್. ಕನ್ನಡಿಗರ ಬಾಯಲ್ಲಿ ರೇಯಾಝಿರ್. ಸಹಕರಿಸುವುದು ಕೊ-ಒ-ಪೇ-ರೇ, ನಮ್ಮಲ್ಲಿ ಕೊವೊಪೇರೇ. ಇದು ಆಗಮ ಸಂಧಿ, ಮತ್ತೇನೂ ಅಲ್ಲ. ಕೆರೆ ಮತ್ತು ಅನ್ನು ಸೇರಿ ಕೆರೆಯನ್ನು, ಗುರು ಮತ್ತು ಅನ್ನು ಸೇರಿ ಗುರುವನ್ನು. ಎರಡು ಸ್ವರ ಪಕ್ಕಪಕ್ಕ ಕೂತರೆ ನಮಗೆ ನಡುವೆ ಯಾರಾದರೂ ಬೇಕೇ ಬೇಕು. ಫ್ರೆಂಚಿಗೆ ಬೇಡ. ಮೊದಲ ಸ್ವರ ನಿಲ್ಲಿಸದೆ, ಉಸಿರು ಕಡಿಯದೆ, ಬಾಯಿಯ ಆಕಾರ ಮಾತ್ರ ಬದಲಿಸಿ ಎರಡನೇ ಸ್ವರಕ್ಕೆ ಹೋಗಿ. ಒಟ್ಟುಗೂಡಿಸುವುದು ರೇ-ಉ-ನಿರ್. ಮತ್ತೆ ಬರೆಯುವುದು ರೇ-ಏ-ಕ್ರಿರ್. ಕೊನೆಯದರಲ್ಲಿ ಒಂದೇ ಸ್ವರ ಎರಡು ಸಲ ಬಂದಿದೆ. ಎರಡನ್ನೂ ಒಂದು ಮಾಡಿಬಿಡಬೇಡಿ, ದನಿಯನ್ನು ಸ್ವಲ್ಪ ಏರಿಳಿಸಿದರೆ ಎರಡಾಗಿ ಕೇಳಿಸುತ್ತದೆ. ಗೋಡೆ ಎಚ್ ಇಲ್ಲೂ ಬರುತ್ತದೆ: ಎತ್ತರ ಹೆಚ್ಚಿಸುವುದು ರ-ಓ-ಸೇ.

ಚಿಲ್ಲರೆ ದೋಷಗಳು

ಇ-ಎಕ್ಸ್ ಆದಮೇಲೆ ಸ್ವರ ಅಥವಾ ಎಚ್ ಬಂದರೆ ಎಗ್-ಜ಼, ವ್ಯಂಜನ ಬಂದರೆ ಎಕ್ಸ್. ಇರುವುದು ಎಗ್-ಜ಼ಿಸ್-ತೇ, ವಿವರಿಸುವುದು ಎಕ್ಸ್-ಪ್ಲಿ-ಕೇ. ‘ಕೆಳಗೆ’ ಎಂಬ ಅರ್ಥದ ಸೂ ಉಪಸರ್ಗದಲ್ಲಿ ಅಡ್ಡಗೆರೆ ಇದೆಯೇ ನೋಡಿ. ಇದ್ದರೆ ಎಸ್ ವ್ಯಂಜನದ ಮುಂದೆ ಮೂಕ, ಸ್ವರದ ಮುಂದೆ ಜ಼: ಸೂ-ತಿ-ತ್ರೇ (ಸಬ್‌ಟೈಟಲ್ ಹಾಕುವುದು), ಸೂ-ಜ಼ೆಸ್-ತಿ-ಮೇ (ಕಡಿಮೆ ಅಂದಾಜು ಮಾಡುವುದು). ಗೆರೆಯಿಲ್ಲದೆ ಅಂಟಿಕೊಂಡಿದ್ದರೆ ಎಸ್ ಹೇಳಲೇಬೇಕು: ಸೂಸ್-ಕ್ರಿರ್ (ಚಂದಾದಾರರಾಗುವುದು). ‘ಮೇಲೆ’ ಎಂಬ ಸುರ್ ತನ್ನ ರ-ವನ್ನು ಮುಂದಿನ ಸ್ವರಕ್ಕೆ ಕೊಟ್ಟುಬಿಡುತ್ತದೆ: ಸು-ರೆಸ್-ತಿ-ಮೇ.

ಲಕ್ಷಣ: ನಾನು ಸರಿಯಾಗಿ ಹೇಳುತ್ತೇನೆ, ಅವರು ಹೇಳಿದ್ದು ಮಾತ್ರ ಅರ್ಥವಾಗುವುದಿಲ್ಲ

ಕಷ್ಟಪಟ್ಟು ಕಲಿತ ಸಡಿಲ ‘ಅ’ ಪ್ಯಾರಿಸ್ಸಿನವರ ಬಾಯಲ್ಲಿ ಮಾಯವಾಗುತ್ತದೆ. ರ-ವ-ನಿರ್ (ಮರಳಿ ಬರುವುದು) ಅವರ ಮಾತಿನಲ್ಲಿ ರವ್-ನಿರ್. ‘ನಾವು ನೆನಪಿಟ್ಟುಕೊಳ್ಳುತ್ತೇವೆ’ ಎಂಬುದು ಓಂರ್-ತ್ಯೆಂ ಎಂದು ಎರಡೇ ತುಂಡಾಗಿ ಕೇಳಿಸುತ್ತದೆ. ಆದರೆ ‘ಅವಳು ನೆನಪಿಟ್ಟುಕೊಳ್ಳುತ್ತಾಳೆ’ ಎನ್ನುವಾಗ ಎಲ್-ರ-ತ್ಯೆಂ, ರ ವಾಪಸ್. ಹಿಂದೆ ಲ್ ಎಂಬ ವ್ಯಂಜನ ಇದೆ, ಸಡಿಲ ಅ ಬಿದ್ದುಹೋದರೆ ವ್ಯಂಜನಗಳು ಒಂದರ ಮೇಲೊಂದು ರಾಶಿ ಬೀಳುತ್ತವೆ. ಮೋರಿಸ್ ಗ್ರಾಮೋಂ ಎಂಬ ಭಾಷಾಶಾಸ್ತ್ರಜ್ಞ ಇದನ್ನು ಮೂರು ವ್ಯಂಜನಗಳ ನಿಯಮ ಎಂದು ಹೇಳಿದ್ದ. ಮಾತಿನಲ್ಲಿ ಅದಕ್ಕೆ ಅಪವಾದ ಬೇಕಾದಷ್ಟಿವೆ, ಆದರೂ ಕಲಿಯುವವರಿಗೆ ಒಳ್ಳೆಯ ಆಧಾರ. ಮಾರ್ಸೇ, ತುಲೂಸ್ ಕಡೆಯ ದಕ್ಷಿಣದವರು ಈ ಅ-ವನ್ನು ಅಷ್ಟು ಸುಲಭಕ್ಕೆ ಬಿಡುವುದಿಲ್ಲ, ಶುರುವಿನಲ್ಲಿ ಅವರ ಮಾತು ಕೇಳಿ ಕಲಿಯುವುದು ನಮಗೆ ಹಿತ.

ಈ ಬೀಳುವ ಗುಣವನ್ನೇ ಪರೀಕ್ಷೆಯಾಗಿ ಬಳಸಬಹುದು. ರೇ ಎಂದೂ ಬೀಳುವುದಿಲ್ಲ, ರ ಮಾತ್ರ ಬೀಳುತ್ತದೆ. ರೇಡಿಯೋದಲ್ಲೋ ಸಂದರ್ಶನದಲ್ಲೋ ಯಾರಾದರೂ ಸಾರ್-ಸಾಂಬ್ಲ್ (ಅದು ಹೋಲುತ್ತದೆ) ಎಂದು ಸ್ವರ ನುಂಗಿ ಹೇಳಿದ್ದು ಕೇಳಿದಿರಾ? ಹಾಗಾದರೆ ಅಲ್ಲಿದ್ದದ್ದು ರ, ರೆ ಅಲ್ಲ, ಜೋಡಿ ಎಸ್ ಏನೇ ಹೇಳಲಿ.

ಕೆನಡಾಕ್ಕೆ ಹೋಗಲು ಫ್ರೆಂಚ್ ಕಲಿಯುತ್ತಿರುವವರಿಗೆ ಒಂದು ಸೂಚನೆ. ಕೆಬೆಕ್‌ನಲ್ಲಿ ಇ ಮತ್ತು ಹ್ರಸ್ವ ಉ ಸದ್ದುಗಳ ಮುಂದೆ ತ ಬಂದರೆ ತ್ಸ ಆಗುತ್ತದೆ, ದ ಬಂದರೆ ದ್ಜ಼ ಆಗುತ್ತದೆ. ರ-ಪಾರ್-ತಿರ್ ಅಲ್ಲಿ ರ-ಪಾರ್-ತ್ಸಿರ್. ನೀವು ಹಾಗೆ ಹೇಳಬೇಕಿಲ್ಲ, ಆದರೆ ಕೇಳಿದಾಗ ಬೇರೆ ಪದ ಎಂದುಕೊಳ್ಳಬೇಡಿ.

ಸರಿಯಾಯಿತೇ ಎಂದು ನೋಡುವುದು ಹೇಗೆ

ನಿಘಂಟಿನಲ್ಲಿ ಪದದ ಪಕ್ಕ ಇರುವ ಐಪಿಎ (ಸದ್ದುಗಳನ್ನು ಬರೆಯುವ ಅಂತರರಾಷ್ಟ್ರೀಯ ಲಿಪಿ) ಗುರುತು ನೋಡಿ. ಆರ್ ಆದಮೇಲೆ ತಲೆಕೆಳಗಾದ ಇ ಇದ್ದರೆ ರ, ಮಾಮೂಲಿ ಇ ಇದ್ದರೆ ರೇ. ಉಳಿದ ಗುರುತು ಬರದಿದ್ದರೂ ಇದೊಂದು ತಿಳಿದರೆ ಸಾಕು.

ಆಮೇಲೆ ಫೋನಿನ ಕೀಬೋರ್ಡನ್ನು ಫ್ರೆಂಚಿಗೆ ಬದಲಿಸಿ, ಮೈಕ್ ಒತ್ತಿ ಹೇಳಿ. ಫೋನು ಸಂದರ್ಭ ನೋಡಿ ಊಹಿಸುವುದರಿಂದ ‘ರೈಲು ಮತ್ತೆ ಹೊರಡುತ್ತದೆ’ ಥರದ ವಾಕ್ಯ ಕೊಟ್ಟರೆ ನೀವು ತಪ್ಪು ಹೇಳಿದರೂ ಅದು ಸರಿ ಬರೆದುಬಿಡುತ್ತದೆ. ಎರಡು ಅರ್ಥವೂ ಕೂಡುವ ವಾಕ್ಯ ಬೇಕು. ‘ಇಲ್ ವೊ ರಫ಼ೊರ್ಮೇ ಲ ಗ್ರೂಪ್’ ಎಂದರೆ ಗುಂಪನ್ನು ಮತ್ತೆ ಕಟ್ಟಲು ಬಯಸುತ್ತಾನೆ, ‘ರೇಫ಼ೊರ್ಮೇ’ ಎಂದರೆ ಸುಧಾರಿಸಲು ಬಯಸುತ್ತಾನೆ. ಎರಡನ್ನೂ ಬೇರೆ ಬೇರೆ ಹೇಳಿ. ಇ ಮೇಲೆ ಗೀಟು ಒಮ್ಮೆ ಬರದೆ, ಒಮ್ಮೆ ಬಂದರೆ ನಿಮ್ಮ ರ ಮತ್ತು ರೇ ಬೇರೆಯಾಗಿವೆ. ಎರಡು ಸಲವೂ ಗೀಟು ಬಂದರೆ ತುಟಿ ಇನ್ನೂ ಹಿಂದಕ್ಕೆ ಎಳೆದುಕೊಂಡಿದೆ ಎಂದರ್ಥ, ಮುಂದೆ ತಂದು ಮತ್ತೆ ಹೇಳಿ. ಅದೇ ಥರ ರ-ಸೆರ್-ವಿರ್ ಹಾಗೂ ರೇ-ಜ಼ೆರ್-ವೇ, ದೇ-ಸಾಂ-ಸಿ-ಬಿ-ಲಿ-ಜ಼ೇ ಹಾಗೂ ದೇ-ಜ಼ಾಂ-ಕೋಂ-ಬ್ರೇ ಜೋಡಿಗಳನ್ನು ಒಂಟಿ ಪದವಾಗಿಯೇ ಕೊಟ್ಟು ನೋಡಿ. ಆಂಮ್-ನೇ, ಆಮ್-ನೇ ಜೋಡಿಯಲ್ಲಿ ಮಾತ್ರ ಫೋನನ್ನು ನಂಬಬೇಡಿ. ಅಲ್ಲಿ ಫ್ರೆಂಚ್ ಬಲ್ಲ ಇನ್ನೊಬ್ಬರ ಕಿವಿಯೇ ಬೇಕು.